ನಲವತ್ತು ದಿನದ ಕೋಳಿ

ಫ್ರೀಮಾಂಟಿನ ಕಿರಣಕುಮಾರ ಹೊಸಮನಿ ಕೆಟ್ಟ ಮನುಷ್ಯನಲ್ಲ. ಸುಳ್ಳುಗಾರ ಎಂದರೂ ತಪ್ಪಾದೀತು. ನಿಜ ಹೇಳುವುದಕ್ಕೆ ಸರಿಯಾದ ಸಮಯ ಬರಲಿ ಎಂದು ಕಾಯುವುದು ಅವನ ಸ್ವಭಾವ, ಅಷ್ಟೇ. ಆ ಸಮಯ ಬರುವುದರೊಳಗೆ ಬಾಯಿಗೆ ಬೇರೆ ಏನಾದರೂ ಬಂದುಬಿಡುತ್ತಿತ್ತು.

ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ಅವನು ಕನ್ನಡ ಕೂಟದ ವೇದಿಕೆಯ ಮೇಲೆ ನಿಂತು ‘ಅಮೆರಿಕದಲ್ಲಿ ಸಸ್ಯಾಹಾರ: ಒಂದು ತಪಸ್ಸು’ ಎಂಬ ವಿಷಯವಾಗಿ ಇಪ್ಪತ್ತೆರಡು ನಿಮಿಷ ಮಾತಾಡಿದ್ದ. “ಹದಿನಾರು ವರ್ಷದಲ್ಲಿ ನಮ್ಮ ಮನೆಯ ಹೊಸ್ತಿಲನ್ನು ಒಂದೇ ಒಂದು ಮೊಟ್ಟೆ ದಾಟಿಲ್ಲ!” ಎಂದು ಕೈ ಎತ್ತಿ ಹೇಳಿದಾಗ ಜೋರು ಚಪ್ಪಾಳೆ ಬಿತ್ತು. ಭಾಷಣ ಮುಗಿಯಿತೆಂದು ತಿಳಿದು ಬಿದ್ದ ಚಪ್ಪಾಳೆ ಅದು ಎಂಬುದು ಹೆಂಡತಿ ನಿವೇದಿತಾಳ ಅಭಿಪ್ರಾಯ. ಅದೇನೇ ಇರಲಿ, ಆ ವಿಡಿಯೋ ಗದಗಿಗೆ ಹೋಯಿತು. ಅವನ ತಾಯಿ ಬಂಗಾರೆವ್ವ ಅದನ್ನು ಓಣಿಯವರಿಗೆಲ್ಲ ತೋರಿಸಿದಳು. ಡಿಸೆಂಬರಿನಲ್ಲಿ ಆರು ತಿಂಗಳ ಮಟ್ಟಿಗೆ ತಾನೇ ಬಂದಿಳಿದಳು.

ಜನವರಿಯ ಒಂದು ಬೆಳಿಗ್ಗೆ ಬಂಗಾರೆವ್ವ ಒಳಗೆ ಲಿಂಗಪೂಜೆಗೆ ಕೂತಿದ್ದಾಗ, ಆರನೇ ಕ್ಲಾಸಿನ ಮಗಳು ನಿಸರ್ಗಾ ಅಡುಗೆಮನೆಗೆ ಬಂದು ಹೇಳಿದಳು: “ಅಪ್ಪಾ, ಐ ನೀಡ್ ಎ ಚಿಕನ್.”

ಕಿರಣಕುಮಾರನ ಅವಲಕ್ಕಿ ಗಂಟಲಲ್ಲೇ ನಿಂತಿತು.

ವಿಷಯ ಇಷ್ಟು. ಶಾಲೆಯಲ್ಲಿ ಪ್ರಾಚೀನ ಈಜಿಪ್ಟಿನ ಪಾಠ ನಡೆದಿತ್ತು. ಆ ಕಾಲದವರು ಬೆಕ್ಕು, ಹದ್ದು, ಮೊಸಳೆಗಳನ್ನು ಕೂಡ ಉಪ್ಪಿನಲ್ಲಿ ಒಣಗಿಸಿ, ಬಟ್ಟೆ ಸುತ್ತಿ, ಮಮ್ಮಿ ಮಾಡಿ ದೇವರಿಗೆ ಅರ್ಪಿಸುತ್ತಿದ್ದರಂತೆ. ಮಕ್ಕಳೂ ಒಂದೊಂದು ಮಮ್ಮಿ ಮಾಡಬೇಕು. ಮೊಸಳೆ ಸಿಗುವುದು ಕಷ್ಟವಾದ್ದರಿಂದ ಒಂದು ಪುಟ್ಟ ಕೋಳಿ ಸಾಕು. ಅಂಗಡಿಯಿಂದ ಸ್ವಚ್ಛ ಮಾಡಿದ್ದನ್ನು ತಂದು ನಲವತ್ತು ದಿನ ಉಪ್ಪಿನಲ್ಲಿಡಬೇಕು, ವಾರಕ್ಕೊಮ್ಮೆ ಉಪ್ಪು ಬದಲಿಸಬೇಕು. ಕೊನೆಗೆ ಬಟ್ಟೆ ಸುತ್ತಿ ಸ್ಯಾನ್ ಹೊಸೆಯ ಮ್ಯೂಸಿಯಮ್ಮಿಗೆ ಒಯ್ಯಬೇಕು. ಅಲ್ಲಿ ಪ್ರಾಣಿ ಮಮ್ಮಿಗಳದೇ ಪ್ರದರ್ಶನ ನಡೆದಿದೆ, ಮಕ್ಕಳ ಮಮ್ಮಿಗಳನ್ನೂ ಅಲ್ಲಿ ಜೋಡಿಸುತ್ತಾರೆ. ಮಾರ್ಕ್ಸು ಬಹಳ.

ಟೀಚರ್ ಮಿಸ್ ಟ್ರಾನ್ ಕಳಿಸಿದ ಈಮೇಲು ಎರಡು ಪುಟ ಇತ್ತು. ಕಿರಣಕುಮಾರ ಮೊದಲ ಪುಟ ಓದಿದ. ‘ಕೋಳಿ’ ಎಂಬ ಪದ ಒಂಬತ್ತು ಸಲ ಬಂತು. ಎರಡನೇ ಪುಟ ತೆರೆಯುವ ಧೈರ್ಯವಾಗಲಿಲ್ಲ.

“ರೀ, ಅವ್ವಗ ಒಂದು ಮಾತು ಹೇಳಿಬಿಡ್ರಿ, ಮುಗದಹೋತು,” ಎಂದಳು ನಿವೇದಿತಾ.

“ಹೇಳತೀನಿ. ಸರಿಯಾದ ಟೈಮ್ ಬರಲಿ.”

ಆ ಶನಿವಾರ ಅವನು ಫ್ರೀಮಾಂಟಿನ ಅಂಗಡಿಗಳನ್ನೆಲ್ಲ ದಾಟಿ, ಕನ್ನಡದ ಮುಖ ಕಾಣದ ಜಾಗ ಬೇಕೆಂದು ಪಕ್ಕದ ನ್ಯೂವರ್ಕಿನ ದೊಡ್ಡ ಗ್ರೋಸರಿಗೆ ಹೋದ. ಮೊದಲು ಹನ್ನೆರಡು ಡಬ್ಬಿ ಉಪ್ಪನ್ನು ಗಾಡಿಗೆ ಹಾಕಿಕೊಂಡ. ಆಮೇಲೆ ಮಾಂಸದ ಫ್ರೀಜರುಗಳ ಸಾಲಿನಲ್ಲಿ ಮೂರು ಸಲ ಹಾದುಹೋದ, ಯಾರಾದರೂ ನೋಡಿದರೆ ದಾರಿ ತಪ್ಪಿದವನ ಹಾಗೆ ಕಾಣಲಿ ಎಂದು. ನಾಲ್ಕನೆಯ ಸಲಕ್ಕೆ ಬಾಗಿಲು ತೆರೆದು, ಕಣ್ಣು ಅರ್ಧ ಮುಚ್ಚಿ, ಒಂದು ಸಣ್ಣ ಕೋಳಿಯ ಮೇಲೆ ಕೈಯಿಟ್ಟ.

“ಯಾರಿದು! ಹೊಸಮನಿ ಸಾರ್!”

ಕೂಟದ ಅಧ್ಯಕ್ಷರಾದ ಸಿದ್ದರಾಜು. ಮಂಡ್ಯದವರು, ಮೈಕು ಬೇಡದ ಗಂಟಲು. ಅವರ ಗಾಡಿಯಲ್ಲಿ ಕುರಿ, ಕೋಳಿ, ಮೀನು ಯಾವ ಸಂಕೋಚವೂ ಇಲ್ಲದೆ ಮಲಗಿದ್ದವು. ರಾಜ್ಯೋತ್ಸವದ ಸಭೆಗೆ ಅಧ್ಯಕ್ಷತೆ ವಹಿಸಿದ್ದವರೂ ಅವರೇ.

“ಏನ್ ಸಾರ್, ಈ ಕಡೆ?”

“ಉಪ್ಪು. ಉಪ್ಪು ತಗೊಳ್ಳೋಕೆ ಬಂದೆ.”

ಸಿದ್ದರಾಜು ಗಾಡಿಯಲ್ಲಿದ್ದ ಹನ್ನೆರಡು ಡಬ್ಬಿಗಳನ್ನು ನೋಡಿದರು. ಫ್ರೀಜರಿನೊಳಗಿದ್ದ ಕೈಯನ್ನೂ ನೋಡಿದರು.

“ಉಪ್ಪು ಇಲ್ಲಿ ಇರಲ್ವಲ್ಲ ಸಾರ್.”

“ಹೌದು, ಅಲ್ಲೇ ಸಿಕ್ತು. ಇದು ಸುಮ್ನೆ... ಸೆಕೆ ಆಗ್ತಿತ್ತು. ಬಾಗಿಲು ತೆಗೆದೆ.”

“ಜನವರಿಯಲ್ಲಾ?”

ಕಿರಣಕುಮಾರ ಉತ್ತರ ಹುಡುಕುತ್ತಿರುವಾಗಲೇ ಸಿದ್ದರಾಜು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತೇವವಾಗಿತ್ತು. “ಬಿಡಿ ಸಾರ್, ನಂಗೆ ಅರ್ಥ ಆಯ್ತು. ಇಷ್ಟು ವರ್ಷ ಒಬ್ರೇ ಒದ್ದಾಡಿದ್ದೀರಿ. ನಾಚ್ಕೆ ಪಡಬೇಡಿ. ಮೊದಲು ಈ ತಂಗಳು ಕೋಳಿ ಒಳಗಿಡಿ. ಶುರು ಮಾಡೋವಾಗ ಒಳ್ಳೇದರಿಂದ ಶುರು ಮಾಡಬೇಕು. ನಾನ್ ನೋಡ್ಕೋತೀನಿ. ಯಾರಿಗೂ ಹೇಳಲ್ಲ.”

ಯಾರಿಗೂ ಹೇಳಲ್ಲ ಎಂದ ಮಾತನ್ನು ಸಿದ್ದರಾಜು ಅಕ್ಷರಶಃ ಪಾಲಿಸಿದರು. ಹೆಂಡತಿ, ಕೂಟದ ಖಜಾಂಚಿ ಮತ್ತು ಬೇಸಿಗೆ ಪಿಕ್ನಿಕ್ಕಿನ ಅಡುಗೆ ಸಮಿತಿಯ ನಾಲ್ವರನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ.

ಕಿರಣಕುಮಾರ ಉಪ್ಪಷ್ಟೇ ತೆಗೆದುಕೊಂಡು ಹೊರಬಿದ್ದ. ಫ್ರೀವೇ ಮೇಲೆ ಬರುತ್ತ ಅವನಿಗೊಂದು ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗಲೆಲ್ಲ ಮನೆಯವರು ಹುಷಾರಾಗುತ್ತಿದ್ದರು. ಆದರೆ ಆ ಹೊತ್ತಿಗೆ ಕಾರಿನಲ್ಲಿ ಅವನೊಬ್ಬನೇ ಇದ್ದ. ನೇರ ಇಂಡಿಯನ್ ಗ್ರೋಸರಿಗೆ ಹೋಗಿ ಒಂದು ಗುಂಡನೆಯ ಸೋರೆಕಾಯಿ ಕೊಂಡ.

ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಕೋಳಿಯ ಚಿತ್ರ ಎದುರಿಟ್ಟುಕೊಂಡು ನೋಡಿದ. ಸೋರೆಕಾಯಿಗೆ ಕುತ್ತಿಗೆ ಇತ್ತು, ಹೊಟ್ಟೆ ಇತ್ತು. ಕೊರತೆಯೆಂದರೆ ರೆಕ್ಕೆ ಕಾಲು. ನಾಲ್ಕು ಹೀರೇಕಾಯಿ ತುಂಡನ್ನು ಟೂತ್‌ಪಿಕ್ಕಿನಿಂದ ಚುಚ್ಚಿ ಅದನ್ನೂ ನೀಗಿಸಿದ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಮೇಲೆ ಆರು ಡಬ್ಬಿ ಉಪ್ಪು ಸುರಿದು ಮುಚ್ಚಳ ಬಿಗಿದ. ಮಗಳಿಗೆ, “ಕೋಳಿ ಅಂದಮೇಲೆ ಬ್ಯಾಕ್ಟೀರಿಯಾ ಇರ್ತಾವ. ನೀ ಮುಟ್ಟಬ್ಯಾಡ, ಉಪ್ಪ ನಾನ ಬದಲಿ ಮಾಡತೀನಿ,” ಎಂದ. ತಾಯಿಗೆ, “ಗ್ಯಾರೇಜಿಗೆ ಹೋಗಬ್ಯಾಡ ಅವ್ವಾ, ಇಲಿ ಪಾಷಾಣ ಇಟ್ಟೀನಿ,” ಎಂದ.

ನಿಸರ್ಗಾ, “ಓಕೆ ಅಪ್ಪಾ,” ಎಂದಳು. ಹನ್ನೆರಡು ವರ್ಷದ ಮಗಳು ಒಂದೇ ಮಾತಿಗೆ ಓಕೆ ಎಂದರೆ ತಂದೆಯಾದವನು ಎಚ್ಚರಗೊಳ್ಳಬೇಕು. ಕಿರಣಕುಮಾರ ನಿಟ್ಟುಸಿರು ಬಿಟ್ಟ.

ಸೋರೆಕಾಯಿಗೆ ಉಪ್ಪು ಬದಲಿಸುವ ಅಗತ್ಯ ಅವನಿಗೆ ಕಾಣಲಿಲ್ಲ. ಆದರೆ ನಾಟಕ ನಡೆಯಬೇಕಲ್ಲ. ದಿನಾ ಸಂಜೆ ಸನ್ನಿವೇಲಿನ ಆಫೀಸಿನಿಂದ ಬಂದವನೇ ಗ್ಯಾರೇಜಿಗೆ ಹೋಗಿ, ಒಂದು ಹಳೆಯ ಕುರ್ಚಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು, ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಕೈ ತೊಳೆಯುತ್ತಿದ್ದ. ಪೆಟ್ಟಿಗೆಯನ್ನು ತೆರೆಯುವ ಗೋಜಿಗೆ ಹೋಗಲಿಲ್ಲ. ಎರಡನೇ ವಾರ ಆ ಮೂಲೆಯಿಂದ ಏನೋ ವಾಸನೆ ಬಂದಂತಾಯಿತು. ಸೋರೆಕಾಯಿ ಕೊಳೆತರೆ ಹೀಗೇ ನಾರುತ್ತದೇನೋ ಎಂದುಕೊಂಡ. ತಾನು ಎಂದೂ ಕೊಳೆಯುವವರೆಗೆ ಇಟ್ಟು ನೋಡಿದವನಲ್ಲ.

ಮೂರನೇ ವಾರದ ಭಾನುವಾರ ಬಾಗಿಲ ಗಂಟೆ ಸದ್ದಾಯಿತು. ಬಂಗಾರೆವ್ವ ತೆರೆದಳು. ಸಿದ್ದರಾಜು ಒಂದು ದೊಡ್ಡ ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು.

“ಹೊಸಮನಿಯವರ ತಾಯಿ ಅಲ್ವಾ ಅಮ್ಮಾ? ನಮಸ್ಕಾರ. ಸಾರ್ ಇದ್ದಾರಾ? ಅವ್ರಿಗೊಂದು ಸ್ಪೆಷಲ್ ಐಟಂ ತಂದಿದೀನಿ.”

ಕಿರಣಕುಮಾರ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದು ಬರುವಷ್ಟರಲ್ಲಿ ಬಂಗಾರೆವ್ವ ಮೂಗು ಅರಳಿಸಿದ್ದಳು. “ಏನೈತ್ರಿ ಡಬ್ಬ್ಯಾಗ?”

ಸಿದ್ದರಾಜು ಕಿರಣಕುಮಾರನ ಕಡೆ ಕಣ್ಣು ಮಿಟುಕಿಸಿದರು.

“ಔಷಧ ಅವ್ವಾ!” ಎಂದ ಕಿರಣಕುಮಾರ.

“ಔಷಧ? ಇಷ್ಟು ದೊಡ್ಡ ಡಬ್ಬಿ ತುಂಬ?”

“ಮಂಡ್ಯಾದ ಆಯುರ್ವೇದ. ಭಾಳ ದಿನಾ ತಗೋಬೇಕಾಗತೈತಿ.”

“ಬಳ್ಳೊಳ್ಳಿ ಮಸಾಲಿ ವಾಸನಿ ಹೊಡಿಯಾಕತ್ತೈತಲ್ಲೋ.”

“ಬಳ್ಳೊಳ್ಳಿ ರಕ್ತಕ್ಕ ಛಲೋ.”

ಬಂಗಾರೆವ್ವ ಸಿದ್ದರಾಜುವಿನತ್ತ ತಿರುಗಿದಳು. “ನನ್ನ ಮಗಗ ಏನ ಬ್ಯಾನಿ ಐತ್ರಿ?”

“ಧೈರ್ಯ ಸ್ವಲ್ಪ ಕಡಿಮೆ ಅಮ್ಮಾ. ಇದು ತಿಂದ್ರೆ ಬರುತ್ತೆ,” ಎಂದರು ಸಿದ್ದರಾಜು.

ಆ ಮಾತು ಬಂಗಾರೆವ್ವನ ಮನಸ್ಸಿಗೆ ಬಂತು. ಮಗನನ್ನು ಇಷ್ಟು ಸರಿಯಾಗಿ ತಿಳಿದ ಇನ್ನೊಬ್ಬ ಮನುಷ್ಯ ಅಮೆರಿಕದಲ್ಲಿ ಇದ್ದಾನೆಂದು ಅವಳು ಎಣಿಸಿರಲಿಲ್ಲ. ಕೂರಿಸಿ ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು. ಮೊಮ್ಮಗಳ ಸಾಲಿಯವರು ಮ್ಯೂಸಿಯಮ್ಮಿನ್ಯಾಗ ಏನೋ ಇಡತಾರಂತ, ನೀವೂ ಬರ್ರಿ ಎಂದು ಆಮಂತ್ರಣವನ್ನೂ ಕೊಟ್ಟಳು.

ಅದೇ ವಾರ ಗದಗಿನಿಂದ ದೊಡ್ಡಪ್ಪನ ಮಗ ಅಪ್ಪಾಸಾಹೇಬನ ಫೋನು ಬಂತು. “ತಮ್ಮಾ, ಆರಾಮಿಲ್ಲಂತಲ್ಲ. ಬಕೆಟ್ಟಿನ್ಯಾಗ ಔಷಧ ಕೊಡಾಕತ್ತಾರಂತ. ಅಷ್ಟು ದೊಡ್ಡ ಬ್ಯಾನಿ ನಮಗ ಮುಚ್ಚಿಡತಿ ಏನು?” ಕಿರಣಕುಮಾರ ಬೆವರುತ್ತ, ರಕ್ತ ಒಂಚೂರು ಕಡಿಮೆ ಐತಿ ಅಷ್ಟ ಎಂದ. ಮರುದಿನದಿಂದ ಮನೆಯಲ್ಲಿ ಬೀಟ್‌ರೂಟ್ ಶುರುವಾಯಿತು. ಬೀಟ್‌ರೂಟ್ ಪಲ್ಯ, ಬೀಟ್‌ರೂಟ್ ಸಾರು, ಊಟದ ನಂತರ ಒಂದು ಲೋಟ ಬೀಟ್‌ರೂಟ್ ರಸ. ಆಫೀಸಿನ ಮೀಟಿಂಗಿನಲ್ಲಿ ಅವನ ತುಟಿ ನೋಡಿ ಮ್ಯಾನೇಜರು ಎರಡು ದಿನ ರಜೆ ತೆಗೆದುಕೊಳ್ಳುವಂತೆ ಸೂಚಿಸಿದಳು.

ನಲವತ್ತು ದಿನ ಮುಗಿಯಿತು. ಬಟ್ಟೆ ಸುತ್ತುವ ಕೆಲಸವನ್ನಾದರೂ ಮಗಳ ಕೈಗೆ ಸಿಗದಂತೆ ತಾನೇ ಮಾಡಬೇಕೆಂದು ಕಿರಣಕುಮಾರ ಅವಳು ಈಜಿಗೆ ಹೋಗುವ ದಿನವನ್ನು ಗೊತ್ತುಮಾಡಿಕೊಂಡಿದ್ದ. ಆಫೀಸಿನಿಂದ ಬಂದು ನೋಡಿದರೆ ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಸುತ್ತಿದ, ಮಸಿಯಿಂದ ಕಣ್ಣು ಕೊಕ್ಕು ಬರೆದ, ಅಚ್ಚುಕಟ್ಟಾದ ಒಂದು ಗಂಟು ಕೂತಿತ್ತು.

“ಆಲ್ರೆಡಿ ಡನ್, ಅಪ್ಪಾ,” ಎಂದಳು ನಿಸರ್ಗಾ.

“ನೀನ ಸುತ್ತಿದಿ? ಒಳಗ ಇದ್ದದ್ದನ್ನ ನೋಡಿದಿ?”

“ಯಾ. ನೋಡ್ದೆ.”

ಕಿರಣಕುಮಾರನ ಎದೆ ಉಬ್ಬಿತು. ಮಗಳಿಗೆ ಕೋಳಿಗೂ ಸೋರೆಕಾಯಿಗೂ ವ್ಯತ್ಯಾಸವೇ ತಿಳಿದಿಲ್ಲ! ಇದಲ್ಲವೇ ಸಂಸ್ಕಾರ! ಮುಂದಿನ ರಾಜ್ಯೋತ್ಸವಕ್ಕೆ ಇದನ್ನೇ ಹೇಳಬೇಕೆಂದು ನಿಶ್ಚಯಿಸಿದ.

ಆ ಸಂತೋಷ ಗುರುವಾರದವರೆಗೆ ಇತ್ತು. ಗುರುವಾರ ಮಿಸ್ ಟ್ರಾನ್‌ಳ ಇನ್ನೊಂದು ಈಮೇಲು ಬಂತು. ಶನಿವಾರದ ಕಾರ್ಯಕ್ರಮಕ್ಕೆ ಒಬ್ಬ ಪಶುವೈದ್ಯರು ತಮ್ಮ ಎಕ್ಸ್‌ರೇ ಯಂತ್ರ ತರಲಿದ್ದಾರೆ. ವಿಜ್ಞಾನಿಗಳು ಮಮ್ಮಿಯನ್ನು ಬಿಚ್ಚದೆ ಹೇಗೆ ಪರೀಕ್ಷಿಸುತ್ತಾರೆಂದು ತೋರಿಸಲು ಮಕ್ಕಳ ಮಮ್ಮಿಗಳ ಎಕ್ಸ್‌ರೇ ತೆಗೆದು ದೊಡ್ಡ ಪರದೆಯ ಮೇಲೆ ಎಲ್ಲರ ಎದುರಿಗೆ ತೋರಿಸಲಾಗುವುದು.

ಕಿರಣಕುಮಾರನಿಗೆ ಕಾಲ ಕೆಳಗಿನ ಕಾರ್ಪೆಟ್ಟು ಜಾರಿದಂತಾಯಿತು. ಮ್ಯೂಸಿಯಮ್ಮಿಗೆ ಫೋನು ಮಾಡಿ, ಹೆಸರು ಹೇಳದೆ, ಎಕ್ಸ್‌ರೇಯಿಂದ ಮಮ್ಮಿಯ ಆರೋಗ್ಯಕ್ಕೆ ಹಾನಿಯಿಲ್ಲವೇ ಎಂದು ವಿಚಾರಿಸಿದ. ಫೋನೆತ್ತಿದ ಹುಡುಗಿ, “ಸರ್, ಅದು ಈಗಾಗಲೇ ಸತ್ತಿದೆ,” ಎಂದಳು. ಶುಕ್ರವಾರ ಅವನು ಜ್ವರ ಬಂದಂತೆ ಮಲಗಿ ನೋಡಿದ. ಬಂಗಾರೆವ್ವ ಹಣೆ ಮುಟ್ಟಿ, ಎರಡು ಲೋಟ ಬೀಟ್‌ರೂಟ್ ರಸ ಕುಡಿಸಿ ಎಬ್ಬಿಸಿದಳು. ಕೊನೆಯ ಅಸ್ತ್ರವೆಂದು, “ಅವ್ವಾ, ನೀ ಅಲ್ಲಿಗೆ ಬರಬ್ಯಾಡ. ಬರೇ ಹೆಣಾ ಇರ್ತಾವ,” ಎಂದ.

“ಹೆಣಕ್ಕ ಅಂಜೂ ವಯಸ್ಸೇನೋ ನಂದು?” ಎಂದಳು ಬಂಗಾರೆವ್ವ. ಇಳಕಲ್ ಸೀರೆ ತೆಗೆದಿಟ್ಟಳು.

ಶನಿವಾರ ಮಟಮಟ ಮಧ್ಯಾಹ್ನ ಎಲ್ಲರೂ ಸ್ಯಾನ್ ಹೊಸೆಗೆ ಹೊರಟರು. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು, ನಡುವೆ ಸೀಟ್ ಬೆಲ್ಟು ಕಟ್ಟಿದ ಗಂಟು. ಕಿರಣಕುಮಾರ ಇಡೀ ಫ್ರೀವೇಯನ್ನು ಬಲತುದಿಯ ಲೇನಿನಲ್ಲೇ, ನಲವತ್ತೈದರ ವೇಗದಲ್ಲಿ ಓಡಿಸಿದ. ಟ್ರಾಫಿಕ್ಕಾದರೂ ಕೈಹಿಡಿದೀತೆಂಬ ಆಸೆ. ಅಂದೇ ರಸ್ತೆ ಖಾಲಿ ಇತ್ತು.

ಮ್ಯೂಸಿಯಮ್ಮಿನ ಒಳಗೆ ಮಬ್ಬು ಬೆಳಕು. ಗಾಜಿನ ಪೆಟ್ಟಿಗೆಗಳಲ್ಲಿ ಸಾವಿರಾರು ವರ್ಷದ ಬೆಕ್ಕುಗಳು ನೆಟ್ಟಗೆ ನಿಂತಿದ್ದವು. ಉದ್ದ ಕೊಕ್ಕಿನ ಐಬಿಸ್ ಹಕ್ಕಿಗಳು ಮಣ್ಣಿನ ಗಡಿಗೆಯೊಳಗೆ ಮಡಚಿ ಕೂತಿದ್ದವು. ಕೈಯುದ್ದದ ಮೊಸಳೆ ಮರಿಗಳು ಒಂದಕ್ಕೊಂದು ಅಂಟಿ ಮಲಗಿದ್ದವು. ಸಿದ್ದರಾಜು ಆಗಲೇ ಬಂದಿದ್ದರು. ಗಿಡುಗವೊಂದರ ಎದುರು ನಿಂತು, “ಇಷ್ಟು ಉಪ್ಪು ಹಾಕಿದ್ಮೇಲೆ ಖಾರಾನೂ ಒಂಚೂರು ಹಾಕಬೌದಿತ್ತು,” ಎಂದು ಮೆಲ್ಲಗೆ ಹೇಳಿ ಕಿರಣಕುಮಾರನ ಪಕ್ಕೆ ತಿವಿದರು.

ಬಂಗಾರೆವ್ವ ಮಾತ್ರ ಒಂದೊಂದು ಗಾಜಿಗೂ ಹಣೆ ತಾಗಿಸಿ ನೋಡಿದಳು. “ಈ ಬೆಕ್ಕಿಗೆ ಸುತ್ತಿದ ಪಟ್ಟಿ ನೋಡು. ಒಂದು ಕರೀದು, ಒಂದು ಬಿಳೀದು, ಚಾಪಿ ಹೆಣೆದಂಗ ಸುತ್ಯಾರ. ಬೆಟಗೇರಿ ನೇಕಾರರು ಬಂದು ನೋಡಬೇಕು ಇದನ್ನ.”

ಮ್ಯೂಸಿಯಮ್ಮಿನ ತಜ್ಞೆ ಡಾಕ್ಟರ್ ಮೊರೆನೊ ಎಂಬ ನೆರೆಗೂದಲಿನ ಹೆಂಗಸು ಮಕ್ಕಳನ್ನೂ ದೊಡ್ಡವರನ್ನೂ ಪರದೆಯ ಎದುರು ಕೂಡಿಸಿದಳು. ಜನ ದೇವಾಲಯಕ್ಕೆ ಬರುತ್ತಿದ್ದರು, ಕಷ್ಟ ಹೇಳಿಕೊಳ್ಳುತ್ತಿದ್ದರು, ಒಂದು ಮಮ್ಮಿ ಕೊಂಡು ದೇವರಿಗೆ ಒಪ್ಪಿಸುತ್ತಿದ್ದರು ಎಂದು ವಿವರಿಸಿದಳು. ನಿಸರ್ಗಾ ಅಜ್ಜಿಯ ಕಿವಿಯಲ್ಲಿ ಹೇಳಿದಳು. “ಹರಕಿ!” ಎಂದು ಬಂಗಾರೆವ್ವ ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟಳು.

ಡಾಕ್ಟರ್ ಮೊರೆನೊ ಬಹಳ ಚಂದದ ಒಂದು ಬೆಕ್ಕಿನ ಮಮ್ಮಿಯನ್ನು ತೋರಿಸಿ, ಪರದೆಯ ಮೇಲೆ ಅದರ ಎಕ್ಸ್‌ರೇ ಹಾಕಿದಳು. ಒಳಗೆ ಬೆಕ್ಕು ಇರಲಿಲ್ಲ. ಜೊಂಡು, ಮಣ್ಣು, ಯಾವುದೋ ಒಂದು ಮೂಳೆಯ ಚೂರು.

ಮಕ್ಕಳು ಹೋ ಎಂದರು. ಇಂಥವು ಎಷ್ಟೋ ಸಿಕ್ಕಿವೆ, ಬೆಕ್ಕು ಸಾಲದೆ ಹೋದಾಗ ಏನೋ ತುಂಬಿ ಸುತ್ತಿರಬಹುದು, ಭಕ್ತರಿಗೆ ಗೊತ್ತಿತ್ತೋ ಇಲ್ಲವೋ ತಿಳಿಯದು ಎಂದಳು ಅವಳು. ಒಬ್ಬ ಹುಡುಗಿ ಕೈಯೆತ್ತಿ, ಹಾಗೆ ಮೋಸ ಮಾಡಿದವರಿಗೆ ಏನು ಶಿಕ್ಷೆ ಎಂದು ಕೇಳಿದಳು. ಹಕ್ಕಿ ಮಮ್ಮಿಗಳ ವಿಷಯದಲ್ಲಿ ಅಕ್ರಮ ನಡೆದು ಕೆಲವರನ್ನು ಸೆರೆಗೆ ಹಾಕಿದ ಬರಹವೊಂದು ಸಿಕ್ಕಿದೆ ಎಂದು ಡಾಕ್ಟರ್ ಮೊರೆನೊ ನಗುತ್ತ ಹೇಳಿದಳು. ನಗುವಾಗ ಅವಳ ದೃಷ್ಟಿ ಅಕಸ್ಮಾತ್ತಾಗಿ ಕಿರಣಕುಮಾರನ ಕಡೆ ಹಾಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

“ಮೊದಲು ಯಾರದು? ನಿಸರ್ಗಾ?” ಎಂದಳು ಮಿಸ್ ಟ್ರಾನ್.

ನಿಸರ್ಗಾ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಹೋಗಿ ಯಂತ್ರದ ಹಲಗೆಯ ಮೇಲಿಟ್ಟಳು. ಪಶುವೈದ್ಯರು ಎಲ್ಲರನ್ನೂ ಹಿಂದೆ ಸರಿಯುವಂತೆ ಹೇಳಿ ಗುಂಡಿಗೆ ಕೈಹಾಕಿದರು.

“ಸ್ಟಾಪ್!”

ಇಡೀ ಸಭೆ ತಿರುಗಿತು. ತನ್ನ ಬಾಯಿಂದಲೇ ಆ ಸದ್ದು ಬಂದದ್ದೆಂದು ಕಿರಣಕುಮಾರನಿಗೆ ತಿಳಿದದ್ದು ಎಲ್ಲರೂ ತನ್ನನ್ನು ನೋಡಿದ ಮೇಲೆ. ಅವನು ಮುಂದೆ ಬಂದ. ರಾಜ್ಯೋತ್ಸವದಲ್ಲಿ ಎತ್ತಿದ್ದ ಅದೇ ಕೈಯನ್ನು ಎತ್ತಿದ. ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡದಲ್ಲಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟ. ಮಗಳದು ಏನೂ ತಪ್ಪಿಲ್ಲ, ಅದು ಕೋಳಿಯಲ್ಲ, ಸೋರೆಕಾಯಿ. ರೆಕ್ಕೆ ಹೀರೇಕಾಯಿಯದು. ತಾಯಿಗೆ ಅಂಜಿ ಹೀಗೆ ಮಾಡಿದೆ. ಮಾರ್ಕ್ಸು ಕಡಿಯುವುದಾದರೆ ತನ್ನದನ್ನು ಕಡಿಯಬೇಕು.

ಮಿಸ್ ಟ್ರಾನ್ ಗಾಬರಿಯಾದಳು. “ಮಿಸ್ಟರ್ ಹೊಸಮನಿ, ಕೋಳಿ ಬೇಡವಾದವರು ತರಕಾರಿಯಲ್ಲೇ ಮಾಡಬಹುದು ಎಂದು ಈಮೇಲಿನಲ್ಲೇ ಬರೆದಿದ್ದೆನಲ್ಲ. ಎರಡನೇ ಪುಟದಲ್ಲಿ.”

ಕಿರಣಕುಮಾರ ಫೋನು ತೆಗೆದು ಆ ಈಮೇಲು ಹುಡುಕತೊಡಗಿದ.

“ಅಂದ್ರೆ ನ್ಯೂವರ್ಕಲ್ಲಿ ಕೋಳಿ ಮುಟ್ಟಿದ್ದು ತಿನ್ನೋಕಲ್ವಾ?” ಎಂದು ಹಿಂದಿನಿಂದ ಸಿದ್ದರಾಜುವಿನ ಗಂಟಲು ಮೊಳಗಿತು. “ಹಂಗಾದ್ರೆ ನಾನ್ ತಂದ ನಾಟಿ ಕೋಳಿ ಸಾರು?”

“ಬಾಜೂಮನಿಯವರಿಗೆ ಕೊಟ್ಟೆ ಅಣ್ಣಾರ. ಭಾಳ ಸೇರ್ತಂತ,” ಎಂದಳು ನಿವೇದಿತಾ ಶಾಂತವಾಗಿ.

ಈ ಗದ್ದಲದಲ್ಲಿ ಪಶುವೈದ್ಯರು, ಸೋರೆಕಾಯಿಯೇ ಆದರೂ ನೋಡಿಯೇ ಬಿಡೋಣ ಎಂದು ಗುಂಡಿ ಒತ್ತಿದ್ದರು. ಪರದೆ ಬೆಳಗಿತು.

ಅಲ್ಲಿ ಪಕ್ಕೆಲುಬು ಕಂಡವು. ಬೆನ್ನುಮೂಳೆ, ಮಡಚಿದ ಎರಡು ರೆಕ್ಕೆ, ಎದೆಗೆ ಕಟ್ಟಿದ ಎರಡು ಕಾಲು. ಒಂದು ಕಡ್ಡಿಯೂ ಮುರಿಯದ, ಚೊಕ್ಕವಾದ, ಸಂಪೂರ್ಣ ಕೋಳಿ.

“ಅದು ಸೋರೆಕಾಯಿ,” ಎಂದ ಕಿರಣಕುಮಾರ ಕ್ಷೀಣವಾಗಿ. ಪರದೆಯ ಹತ್ತಿರ ಹೋಗಿ ಒಂದು ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಗ ನೆನಪಾಯಿತು: ತಾಯಿ ಹಿಂದೆಯೇ ನಿಂತಿದ್ದಾಳೆ. ಅವನು ಸರ್ರನೆ ತಿರುಗಿ ಎರಡೂ ಕೈ ಚಾಚಿ ಪರದೆಗೆ ಅಡ್ಡ ನಿಂತ. ಕೋಳಿಯ ಪಕ್ಕೆಲುಬು ಅವನ ಬಿಳಿ ಅಂಗಿಯ ಮೇಲೆ ಮೂಡಿತು.

“ಅವ್ವಾ, ನೀ ನೋಡಬ್ಯಾಡ! ಇದು ಹೆಂಗ ಬಂತೋ ನನಗ ಗೊತ್ತಿಲ್ಲ!”

“ಸರಿಯೋ ಅತ್ಲಾಗ,” ಎಂದಳು ಬಂಗಾರೆವ್ವ. “ನಲವತ್ತು ದಿನಾ ಉಪ್ಪ ಹಾಕಿದಾಕಿ ನಾನು. ಹೆಂಗ ಬಂದೈತಿ ನೋಡಬೇಕಲ್ಲ.”

ಕಿರಣಕುಮಾರ ಕೈ ಇಳಿಸುವುದನ್ನೂ ಮರೆತ.

ನಡೆದದ್ದು ಹೀಗೆ. ಎರಡನೇ ದಿನವೇ ನಿಸರ್ಗಾ ಪೆಟ್ಟಿಗೆ ತೆರೆದು ನೋಡಿದ್ದಳು. ತರಕಾರಿಯಲ್ಲಿ ಮಾಡಬಹುದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಮಮ್ಮಿ ಅಂದಮೇಲೆ ಒಳಗೆ ನಿಜವಾದ ಎಲುಬು ಇರಬೇಕು, ತರಕಾರಿ ಇಟ್ಟರೆ ಏನು ಮಜಾ ಎಂದು ಕೋಳಿಯನ್ನೇ ಆರಿಸಿಕೊಂಡಿದ್ದಳು. ಅಳುತ್ತ ಅಜ್ಜಿಯ ಹತ್ತಿರ ಹೋದಳು. ಅಜ್ಜಿ ಸೊಸೆಯನ್ನು ಕರೆದಳು. ಸೊಸೆ ಕೋಳಿ ತಂದಳು. ವಾರಕ್ಕೊಮ್ಮೆ ಉಪ್ಪು ಬದಲಿಸುವಾಗ ಮೊಮ್ಮಗಳಿಗೆ ಓಕರಿಕೆ ಬರುತ್ತಿತ್ತೆಂದು ಬಂಗಾರೆವ್ವನೇ ಕೈಗವಸು ಹಾಕಿಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು ಆ ಕೆಲಸ ಮಾಡಿದ್ದಳು. ಆಮೇಲೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದಳು.

“ಅವ್ವಾ, ನೀನು... ಕೋಳಿ ಮುಟ್ಟಿದಿ?”

“ನಿಮ್ಮಪ್ಪ ಮೂವತ್ತು ವರ್ಷ ದನದ ದವಾಖಾನಿ ಕಂಪೌಂಡರ್ ಇದ್ದರು. ಅವರ ಅಂಗಿ ಒಗದಾಕಿ ಯಾರು? ತಿನ್ನೂದು ಬ್ಯಾರೆ, ಓದೂದು ಬ್ಯಾರೆ. ಸಾಲಿ ಲೆಕ್ಕದಾಗ ಕಾಯಿಪಲ್ಲೆ ತಂದು ಕೋಳಿ ಅಂತ ಇಡತಾರೇನೋ?”

“ಮತ್ತ ನನಗ್ಯಾಕ ಹೇಳಲಿಲ್ಲ?”

ಬಂಗಾರೆವ್ವ ಹೇಳಿದಳು: “ದಿನಾ ಸಂಜಿಮುಂದ ಗ್ಯಾರೇಜಿಗೆ ಹೋಗಿ ಹತ್ತು ಮಿನಿಟ್ ಸುಮ್ನ ಕುಂಡ್ರತಿದ್ದಿ. ನಾ ಕಿಡಕ್ಯಾಗ ನೋಡತಿದ್ದೆ. ಫೋನಿಲ್ಲ, ಲ್ಯಾಪ್‌ಟಾಪ್ ಇಲ್ಲ. ಹೊರಗ ಬಂದಾಗ ಮಾರಿ ಒಂದೀಟು ಹಗೂರಾಗಿರ್ತಿತ್ತು. ಪಾಪ, ಅದೊಂದು ಸುಖ ಯಾಕ ಕೆಡಿಸಬೇಕು ಅಂತ ಬಿಟ್ಟೆ.”

ಇದನ್ನೆಲ್ಲ ನಿಸರ್ಗಾ ಇಂಗ್ಲಿಷಿಗೆ ತಿರುಗಿಸಿದಳು. ಡಾಕ್ಟರ್ ಮೊರೆನೊ ಬಂದು ಬಂಗಾರೆವ್ವನ ಕೈ ಕುಲುಕಿ, ಇಷ್ಟು ಚೆನ್ನಾಗಿ ಒಣಗಿದ ಹಕ್ಕಿಯನ್ನು ತಾನು ಮಕ್ಕಳ ಕೆಲಸದಲ್ಲಿ ಕಂಡಿಲ್ಲ ಎಂದಳು. ಬಂಗಾರೆವ್ವ, ಉಪ್ಪಿನಕಾಯಿ ಹಾಕಿದ ಕೈ ಇದು ಎಂದಳು. ಸಿದ್ದರಾಜು ಮಾತ್ರ ಕೋಳಿಸಾರಿಗೆ ಒಲಿಸಿಕೊಂಡ ಶಿಷ್ಯನೊಬ್ಬ ಕೈತಪ್ಪಿ ಹೋದವರಂತೆ ಒಂದು ಬೆಂಚಿನ ಮೇಲೆ ಕೂತಿದ್ದರು.

ಮಮ್ಮಿಗಳನ್ನು ಸಂಜೆ ಮಕ್ಕಳ ಕೈಗೇ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಬಂಗಾರೆವ್ವ, ಕೆಲಸ ಮುಗಿದ ಮೇಲೆ ಇದನ್ನು ಕಸದ ಡಬ್ಬಿಗೆ ಹಾಕುವುದು ಆಗದು, ನಮ್ಮಲ್ಲಿ ಹೂಳುವ ಪದ್ಧತಿ, ಹಿತ್ತಲಿನಲ್ಲಿ ಕುಣಿ ತೋಡು ಎಂದಳು. ಹಿತ್ತಲಿನಲ್ಲಿ ಕೋಳಿ ಹೂಳಲು ಊರಿನ ಪರವಾನಗಿ ಬೇಕೋ ಏನೋ ಎಂದು ಕಿರಣಕುಮಾರ ಫೋನು ತೆಗೆದ. ತಾಯಿ ಫೋನು ಕಸಿದುಕೊಂಡು ಗುದ್ದಲಿ ಕೊಟ್ಟಳು.

ಗುಂಡಿ ಮೊಣಕಾಲಿನಷ್ಟಾಯಿತು. ಗಂಟಿನ ಮೇಲೆ ಬಂಗಾರೆವ್ವ ಒಂದು ಹೂವಿಟ್ಟಳು. ಎಲ್ಲರೂ ತಲೆ ತಗ್ಗಿಸಿ ನಿಂತಿರುವಾಗ ಬೇಲಿಯಾಚೆ ಕೆಮ್ಮಿದ ಸದ್ದಾಯಿತು. ಪಕ್ಕದ ಮನೆಯ ಬೌಟಿಸ್ಟಾ, ನಿವೃತ್ತ ಬಡಗಿ, ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತಿದ್ದ. ಕಿರಣಕುಮಾರನನ್ನು ಮೂರು ವರ್ಷದಿಂದ ಅವನು ‘ಕೆನ್’ ಎಂದೇ ಕರೆಯುತ್ತಿದ್ದ.

“ಅಯ್ಯೋ ಕೆನ್, ಬಹಳ ದುಃಖದ ವಿಷಯ. ಬೆಕ್ಕೇ?”

ಹೆಂಡತಿ, ಮಗಳು, ತಾಯಿ, ಮೂವರೂ ಅವನ ಮುಖ ನೋಡಿದರು. ನಿಜ ಹೇಳಲು ಇದಕ್ಕಿಂತ ಸರಿಯಾದ ಸಮಯ ಯಾವ ಮನುಷ್ಯನಿಗೂ ಒದಗಿರಲಿಕ್ಕಿಲ್ಲ. ಕಿರಣಕುಮಾರ ಉಸಿರೆಳೆದುಕೊಂಡ.

“ಹೌದು,” ಎಂದ. “ಬೆಕ್ಕು.”

“ಅಪ್ಪಾ!” ಎಂದಳು ನಿಸರ್ಗಾ.

ಅಷ್ಟರಲ್ಲಿ ಬೌಟಿಸ್ಟಾ ಕಣ್ಣೊರೆಸಿಕೊಂಡು, ಸೀರೆಯ ಹಿರಿಯಳ ಕಡೆಗೆ ಬಾಗಿ ಗೌರವದಿಂದ, “ನೇಮ್?” ಎಂದು ಕೇಳಿದ. ಅಮೆರಿಕಕ್ಕೆ ಬಂದ ಮೂರು ತಿಂಗಳಲ್ಲಿ ಬಂಗಾರೆವ್ವ ಕಲಿತ ಇಂಗ್ಲಿಷ್ ಪದಗಳಲ್ಲಿ ಅದೂ ಒಂದು. ಇಷ್ಟು ವರ್ಷ ಪಕ್ಕದಲ್ಲಿದ್ದು ಮಗನ ಹೆಸರು ಗೊತ್ತಿಲ್ಲವೇ ಎಂದು ಅವಳಿಗೆ ಬೇಸರವೇ ಆಯಿತು. ಸ್ಪಷ್ಟವಾಗಿ, ಬಿಡಿಸಿ ಹೇಳಿದಳು: “ಕಿರಣ. ಕುಮಾರ.”

ಬೌಟಿಸ್ಟಾ ಅದನ್ನು ಎರಡು ಸಲ ಹೇಳಿಕೊಂಡು, ನಿಸರ್ಗಾಳಿಂದ ಸ್ಪೆಲ್ಲಿಂಗು ಬರೆಸಿಕೊಂಡು ಒಳಗೆ ಹೋದ.

ಸೋಮವಾರ ಕಿರಣಕುಮಾರ ಆಫೀಸಿಗೆ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ನೋಡಿದರೆ ಹೊಸ ಮಣ್ಣಿನ ಮೇಲೆ ಒಂದು ಸಣ್ಣ ಮರದ ಹಲಗೆ ನಟ್ಟಿತ್ತು. ಬೌಟಿಸ್ಟಾ ಅದನ್ನು ನುಣುಪಾಗಿ ಉಜ್ಜಿ, ಎಣ್ಣೆ ಹಚ್ಚಿ, ಉಳಿಯಿಂದ ಇಂಗ್ಲಿಷ್ ಅಕ್ಷರ ಕೊರೆದಿದ್ದ: ‘ಇಲ್ಲಿ ಕಿರಣಕುಮಾರ ಮಲಗಿದ್ದಾನೆ. ತುಂಬ ಒಳ್ಳೆಯ ಬೆಕ್ಕು.’

ಕೀಳೋಣವೆಂದರೆ ಬೌಟಿಸ್ಟಾ ಬೇಲಿಯಾಚೆಯಿಂದ ಕೈ ಬೀಸುತ್ತಿದ್ದ. ಕಿರಣಕುಮಾರ ತಿರುಗಿ ಕೈ ಬೀಸಿದ. ನಿವೇದಿತಾ ಕಾಫಿ ಲೋಟ ಹಿಡಿದು ಹೊರಗೆ ಬಂದು ಹಲಗೆಯನ್ನು ಓದಿದಳು. ನಗಲಿಲ್ಲ, ಬಹಳ ಕಷ್ಟಪಟ್ಟು ನಗಲಿಲ್ಲ.

“ಹದಿನಾರು ವರ್ಷ ಆತಲ್ರೀ ನಾವು ಈ ದೇಶಕ್ಕ ಬಂದು,” ಎಂದಳು. “ನಿಮ್ಮ ಹೆಸರು ಪೂರಾ, ಒಂದೂ ತಪ್ಪಿಲ್ಲದಂಗ ಬರದಾಂವ ಇವನ ಮೊದಲನೇದಾಂವ.”